ಎರಡು ದೇಶಗಳ ಗ್ರಾಹಕ ಖರ್ಚು ಹೋಲಿಸಬೇಕಾ? ಮೊದಲು ಅಳತೆಗೋಲು ಆರಿಸಿ

ಬ್ರಿಟನ್ ಮತ್ತು ಅಮೆರಿಕದ ಜನ ಬಟ್ಟೆ, ಚಪ್ಪಲಿಗೆ ಎಷ್ಟೆಷ್ಟು ಖರ್ಚು ಮಾಡುತ್ತಾರೆ ಅಂತ ಒಮ್ಮೆ ಒಂದು ಟೇಬಲ್ ಮಾಡಿದ್ದೆ. ಎರಡೂ ದೇಶಗಳ ಚಿಲ್ಲರೆ ವ್ಯಾಪಾರದ ಅಂಕಿ ತೆಗೆದೆ. ಪೌಂಡನ್ನು ಡಾಲರಿಗೆ ಬದಲಿಸಿದೆ. ಜನಸಂಖ್ಯೆಯಿಂದ ಭಾಗಿಸಿದೆ. ಅರ್ಧ ಗಂಟೆಯ ಕೆಲಸ, ನೋಡೋಕೂ ಚೆನ್ನಾಗಿತ್ತು. ಪಕ್ಕದಲ್ಲಿ ಕೂತಿದ್ದ ಗೆಳತಿ ಇಣುಕಿ ನೋಡಿ ಒಂದೇ ಪ್ರಶ್ನೆ ಕೇಳಿದಳು: "ಇದರಲ್ಲಿ ಟ್ಯಾಕ್ಸ್ ಸೇರಿದೆಯಾ?"

ಬ್ರಿಟನ್ನಿನ ಅಂಕಿಯಲ್ಲಿ ಸೇರಿತ್ತು. ಅಮೆರಿಕದ್ದರಲ್ಲಿ ಇರಲಿಲ್ಲ. ಬ್ರಿಟನ್ನಿನ ವ್ಯಾಟ್ 20%. ಅಂದರೆ 120 ಪೌಂಡಿನ ಬಿಲ್ಲಿನಲ್ಲಿ 20 ಪೌಂಡ್ ತೆರಿಗೆ, ಆರರಲ್ಲಿ ಒಂದು ಪಾಲು. ಸರಿ, ಆರರಲ್ಲಿ ಒಂದನ್ನು ಕಳೆದುಬಿಟ್ಟರಾಯ್ತು ಅಂದುಕೊಂಡೆ. ಅದೂ ನಡೆಯಲಿಲ್ಲ. ಅಲ್ಲಿ ಮಕ್ಕಳ ಬಟ್ಟೆಗೆ ವ್ಯಾಟ್ ಸೊನ್ನೆ. ದೊಡ್ಡವರದ್ದೆಷ್ಟು, ಮಕ್ಕಳದ್ದೆಷ್ಟು ಅಂತ ನನ್ನ ಅಂಕಿಯಲ್ಲಿ ಬಿಡಿಸಿ ಕೊಟ್ಟಿರಲಿಲ್ಲ. ಟೇಬಲ್ ಅಳಿಸಿದೆ.

ಆವತ್ತಿನಿಂದ ಇಂಥ ಹೋಲಿಕೆಗೆ ಕೂತಾಗ ಮೊದಲು ದೇಶಗಳನ್ನು ನೋಡುವುದಿಲ್ಲ, ಅಳತೆಗೋಲನ್ನು ನೋಡುತ್ತೇನೆ. ಯಾವ ಲೆಕ್ಕದಿಂದ ಅಂಕಿ ತೆಗೆಯಬೇಕು, ಹಣವನ್ನು ಹೇಗೆ ಬದಲಿಸಬೇಕು, ಯಾವುದರಿಂದ ಭಾಗಿಸಬೇಕು ಅನ್ನುವ ಮೂರು ಆಯ್ಕೆಗಳಿವೆ. ಮೂರರಲ್ಲಿ ಒಂದು ತಪ್ಪಿದರೂ ಉತ್ತರ ಉಲ್ಟಾ ಆಗಬಹುದು.

ನಿಮಗೆ ಬೇಕಾಗಿರುವುದೇನು?

ಒಬ್ಬರು ಫ್ರಿಜ್ ರಫ್ತು ಮಾಡುವವರು ಅಂತಿಟ್ಟುಕೊಳ್ಳಿ. ಎರಡು ದೇಶಗಳಲ್ಲಿ ಯಾವ ಮಾರುಕಟ್ಟೆ ದೊಡ್ಡದು ಅಂತ ಅವರಿಗೆ ತಿಳಿಯಬೇಕು. ಅವರ ಕೈಗೆ ಬರುವುದು ಡಾಲರೋ ಯೂರೋನೋ. ಹಾಗಾಗಿ ಒಟ್ಟು ಖರ್ಚು, ಮಾರುಕಟ್ಟೆಯ ವಿನಿಮಯ ದರ, ಇಷ್ಟು ಸಾಕು. ಇನ್ನೊಬ್ಬರಿಗೆ ಯಾವ ದೇಶದ ಮನೆಗಳಲ್ಲಿ ಜಾಸ್ತಿ ಸಾಮಾನಿದೆ, ಜನ ಯಾವ ಮಟ್ಟದಲ್ಲಿ ಬದುಕುತ್ತಿದ್ದಾರೆ ಅನ್ನುವ ಕುತೂಹಲ. ಅವರು ವಿನಿಮಯ ದರ ಹಿಡಿದರೆ ಕೆಟ್ಟರು. ಮೂರನೆಯವರು ಕೆಲಸಕ್ಕಾಗಿ ಊರು ಬಿಟ್ಟು ಬೇರೆ ದೇಶಕ್ಕೆ ಹೊರಟವರು. ಅವರಿಗೆ ಸರಾಸರಿ ಖರ್ಚೇ ಬೇಡ, ಬೆಲೆ ಮಟ್ಟ ಬೇಕು. ಅಲ್ಲಿನ ಜನ ಎಷ್ಟು ಖರ್ಚು ಮಾಡುತ್ತಾರೆ ಅನ್ನುವುದಕ್ಕೂ ತಮಗೆ ಎಷ್ಟು ಖರ್ಚಾಗುತ್ತದೆ ಅನ್ನುವುದಕ್ಕೂ ಸಂಬಂಧ ಕಡಿಮೆ.

ಮೂವರಿಗೂ ಒಂದೇ ಟೇಬಲ್ ಕೊಟ್ಟರೆ ಒಬ್ಬರಿಗಾದರೂ ಮೋಸ ಮಾಡಿದ ಹಾಗೆ.

ಅಂಕಿ ಎಲ್ಲಿಂದ ತೆಗೆಯೋದು?

ಸಾಮಾನ್ಯವಾಗಿ ಸಿಗುವುದು ಮೂರು ಮೂಲ. ಚಿಲ್ಲರೆ ವ್ಯಾಪಾರದ ಅಂಕಿ, ರಾಷ್ಟ್ರೀಯ ಲೆಕ್ಕದಲ್ಲಿ (ಇಡೀ ದೇಶದ ಆದಾಯ, ಖರ್ಚಿನ ಲೆಕ್ಕದಲ್ಲಿ) ಬರುವ ಮನೆಗಳ ಅಂತಿಮ ಖರ್ಚು, ಮತ್ತೆ ಮನೆ ಮನೆಗೆ ಹೋಗಿ ಕೇಳುವ ಸಮೀಕ್ಷೆ.

ಚಿಲ್ಲರೆ ವ್ಯಾಪಾರದ ಅಂಕಿ ಬೇಗ ಬರುತ್ತದೆ, ತಿಂಗಳು ತಿಂಗಳು ಬರುತ್ತದೆ. ಪತ್ರಿಕೆಗಳು ಅದನ್ನೇ ಎತ್ತಿಕೊಳ್ಳುತ್ತವೆ. ಆದರೆ ಎರಡು ದೇಶಗಳ ನಡುವೆ ಹೋಲಿಸಲು ನನ್ನ ಮಟ್ಟಿಗೆ ಇದು ಕೊನೆಯ ಆಯ್ಕೆ. ಅಮೆರಿಕದ ಚಿಲ್ಲರೆ ಅಂಕಿಯಲ್ಲಿ ಕಾರು ಮಾರಾಟವೂ ಇದೆ, ಹೋಟೆಲ್ ಊಟವೂ ಇದೆ, ತೆರಿಗೆ ಮಾತ್ರ ಇಲ್ಲ. ಬ್ರಿಟನ್ನಿನದ್ದರಲ್ಲಿ ಕಾರೂ ಇಲ್ಲ, ಹೋಟೆಲ್ಲೂ ಇಲ್ಲ, ತೆರಿಗೆ ಇದೆ. ಹೆಸರು ಒಂದೇ, ಒಳಗಿರುವ ಸಾಮಾನು ಬೇರೆ. ಒಂದೇ ದೇಶದಲ್ಲಿ ಈ ತಿಂಗಳು ಏರಿತೋ ಇಳಿಯಿತೋ ಅಂತ ನೋಡಲು ಅದು ಸರಿ. ಆ ಕೆಲಸಕ್ಕೇ ಅದನ್ನು ಮಾಡಿರುವುದು.

ರಾಷ್ಟ್ರೀಯ ಲೆಕ್ಕದ ಅಂಕಿಗೆ ವಿಶ್ವಸಂಸ್ಥೆಯ ಒಂದು ಚೌಕಟ್ಟಿದೆ. ಬಹುತೇಕ ದೇಶಗಳು ಅದನ್ನೇ ಅನುಸರಿಸುತ್ತವೆ. ಗ್ರಾಹಕ ಕೊಟ್ಟ ಬೆಲೆಯೇ ಲೆಕ್ಕ, ಅಂದರೆ ತೆರಿಗೆ ಸೇರಿಯೇ ಬರುತ್ತದೆ. ಮನೆ ಕೊಂಡರೆ ಅದು ಹೂಡಿಕೆ, ಖರ್ಚಲ್ಲ. ಕಾರು ಕೊಂಡರೆ ಖರ್ಚು. ಸ್ವಂತ ಮನೆಯಲ್ಲಿ ಇರುವವರು ತಮಗೆ ತಾವೇ ಬಾಡಿಗೆ ಕೊಟ್ಟ ಹಾಗೆ ಒಂದು ಮೊತ್ತ ಸೇರಿಸುತ್ತಾರೆ. ಮೊದಲ ಸಲ ಓದಿದಾಗ ನನಗೆ ಇದು ತಮಾಷೆ ಅನ್ನಿಸಿತ್ತು. ಆಮೇಲೆ ಕಾರಣ ತಿಳಿಯಿತು. ಜರ್ಮನಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಾಡಿಗೆ ಮನೆಯಲ್ಲಿದ್ದಾರೆ. ರೊಮೇನಿಯಾದಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಸ್ವಂತ ಮನೆ. ಆ ಮೊತ್ತ ಸೇರಿಸದಿದ್ದರೆ ರೊಮೇನಿಯಾದವರು ಸೂರಿಗೆ ಖರ್ಚೇ ಮಾಡುವುದಿಲ್ಲ ಅಂತ ಕಾಣುತ್ತದೆ. ನಿಮಗೆ ಬೇಕಾಗಿರುವುದು ಸರಕು ಮಾತ್ರ ಆದರೆ ಈ ಬಾಡಿಗೆಯ ತಲೆನೋವು ಇಲ್ಲ. ಅದು ಸೇವೆಯ ಲೆಕ್ಕಕ್ಕೆ ಹೋಗುತ್ತದೆ.

ಇಲ್ಲೊಂದು ಮಾತು. ಸರಕು ಬೇರೆ, ಒಟ್ಟು ಗ್ರಾಹಕ ಖರ್ಚು ಬೇರೆ. ಅಮೆರಿಕದಲ್ಲಿ ಒಟ್ಟು ಗ್ರಾಹಕ ಖರ್ಚಿನಲ್ಲಿ ಸರಕಿನ ಪಾಲು ಸುಮಾರು ಮೂರರಲ್ಲಿ ಒಂದು ಅಷ್ಟೇ. ಉಳಿದದ್ದು ಬಾಡಿಗೆ, ಆಸ್ಪತ್ರೆ, ಶಾಲೆ, ವಿಮೆ, ಹೋಟೆಲ್ ಇತ್ಯಾದಿ. "ಆ ದೇಶದವರು ಎಷ್ಟೊಂದು ಶಾಪಿಂಗ್ ಮಾಡ್ತಾರೆ" ಅಂತ ಒಟ್ಟು ಅಂಕಿ ತೋರಿಸುವವರು ಆಸ್ಪತ್ರೆ ಬಿಲ್ಲನ್ನೂ ಶಾಪಿಂಗ್‌ಗೆ ಸೇರಿಸಿದ್ದಾರೆ ಅಂತ ಅರ್ಥ.

ಆಸ್ಪತ್ರೆ ಬಿಲ್ಲಿನಲ್ಲೇ ಇನ್ನೊಂದು ಗಂಟು ಇದೆ. ಅಮೆರಿಕದ ಲೆಕ್ಕದಲ್ಲಿ ವಯಸ್ಸಾದವರಿಗೆ, ಬಡವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆಗಳಾದ ಮೆಡಿಕೇರ್, ಮೆಡಿಕೇಯ್ಡ್ ಕಟ್ಟುವ ಹಣವೂ ಜನರ ಖರ್ಚು ಅಂತಲೇ ದಾಖಲಾಗುತ್ತದೆ. ಬ್ರಿಟನ್ನಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಮಾಡುವ ಖರ್ಚು ಸರ್ಕಾರದ ಖರ್ಚು. ಇಬ್ಬರಿಗೂ ಅದೇ ಆಪರೇಷನ್ ಆಗಿರಬಹುದು. ಒಂದು ಕಡೆ ಅದು ಜನರ ಖರ್ಚಿನಲ್ಲಿ ಕಾಣುತ್ತದೆ, ಇನ್ನೊಂದು ಕಡೆ ಕಾಣುವುದಿಲ್ಲ. ಇದಕ್ಕೆ ಪರಿಹಾರವಾಗಿ "ನಿಜವಾದ ವೈಯಕ್ತಿಕ ಬಳಕೆ" ಅನ್ನುವ ಅಂಕಿ ಇದೆ. ಯಾರು ದುಡ್ಡು ಕೊಟ್ಟರು ಅಂತ ಅದು ಕೇಳುವುದಿಲ್ಲ, ಯಾರಿಗೆ ಸಿಕ್ಕಿತು ಅಂತ ಮಾತ್ರ ಕೇಳುತ್ತದೆ. ಬದುಕಿನ ಮಟ್ಟ ಹೋಲಿಸುವವರಿಗೆ ಇದೇ ಸರಿಯಾದ ಅಂಕಿ. ಐರ್ಲೆಂಡಿನ ತಲಾ ಜಿಡಿಪಿ ಯುರೋಪಿಯನ್ ಒಕ್ಕೂಟದ ಸರಾಸರಿಯ ಎರಡು ಪಟ್ಟು. ಆದರೆ ಅಲ್ಲಿನ ಜನರ ನಿಜವಾದ ಬಳಕೆ ಸರಾಸರಿಯ ಆಸುಪಾಸಿನಲ್ಲೇ ಇದೆ. ಬಹುರಾಷ್ಟ್ರೀಯ ಕಂಪನಿಗಳ ಲಾಭ ಜಿಡಿಪಿಯಲ್ಲಿ ಎಣಿಕೆಯಾಗುತ್ತದೆ, ಜನರ ಬುಟ್ಟಿಗೆ ಬೀಳುವುದಿಲ್ಲ.

ಇನ್ನು ಸಮೀಕ್ಷೆ. ಬಡವರು ಎಷ್ಟು, ಶ್ರೀಮಂತರು ಎಷ್ಟು, ಹಳ್ಳಿಯವರು ಎಷ್ಟು ಖರ್ಚು ಮಾಡುತ್ತಾರೆ ಅಂತ ಬಿಡಿಸಿ ನೋಡಬೇಕಾದರೆ ಬೇರೆ ದಾರಿಯಿಲ್ಲ, ಇದನ್ನೇ ಹಿಡಿಯಬೇಕು. ಆದರೆ ಕೇಳುವ ರೀತಿಗೆ ತಕ್ಕಂತೆ ಉತ್ತರ ಬದಲಾಗುತ್ತದೆ. ಹೋದ ವಾರ ಎಷ್ಟು ಸೋಪು ಕೊಂಡಿರಿ ಅಂದರೆ ಒಂದು ಉತ್ತರ, ಹೋದ ತಿಂಗಳು ಅಂದರೆ ಇನ್ನೊಂದು. ಅಮೆರಿಕದಲ್ಲಿ ಸಣ್ಣಪುಟ್ಟ ಖರ್ಚಿಗೆ ಎರಡು ವಾರದ ಡೈರಿ ಬರೆಸುತ್ತಾರೆ, ದೊಡ್ಡ ಖರ್ಚಿಗೆ ಮೂರು ತಿಂಗಳಿಗೊಮ್ಮೆ ಮನೆಯವರನ್ನು ಮಾತಾಡಿಸುತ್ತಾರೆ. ಭಾರತದ 2022-23ರ ಸಮೀಕ್ಷೆಯಲ್ಲಿ ಆಹಾರಕ್ಕೊಂದು, ದಿನಬಳಕೆ ಮತ್ತು ಸೇವೆಗೊಂದು, ಬಾಳಿಕೆ ಬರುವ ಸಾಮಾನಿಗೊಂದು ಅಂತ ಮೂರು ಪ್ರಶ್ನಾವಳಿ ಮಾಡಿ ಮೂರು ಸಲ ಮನೆಗೆ ಹೋದರು. ಹಾಗಾಗಿ ಅದನ್ನು 2011-12ರ ಸಮೀಕ್ಷೆಯ ಜೊತೆ ನೇರವಾಗಿ ಹೋಲಿಸುವುದೇ ಕಷ್ಟ. ಒಂದೇ ದೇಶದ ಎರಡು ಸಮೀಕ್ಷೆಗಳ ಕಥೆ ಹೀಗಿದ್ದರೆ ಎರಡು ದೇಶಗಳದ್ದು ಹೇಗಿರಬೇಡ? ಇನ್ನೊಂದು, ಕುಡಿತ ಮತ್ತು ಸಿಗರೇಟಿನ ಖರ್ಚನ್ನು ಎಲ್ಲ ಕಡೆಯೂ ಜನ ಕಡಿಮೆ ಹೇಳುತ್ತಾರೆ. ಈ ವಿಷಯದಲ್ಲಿ ದೇಶ ದೇಶಗಳ ನಡುವೆ ಭೇದವಿಲ್ಲ!

ಹಣ ಬದಲಿಸುವ ಜಾಗದಲ್ಲೇ ಜಾಸ್ತಿ ಎಡವುವುದು

ಇದನ್ನು ನಿಧಾನವಾಗಿ ನೋಡೋಣ.

ವಿನಿಮಯ ದರ ಸುಲಭ. ಆದರೆ ಅದು ಅಂಗಡಿಯ ಬೆಲೆ ನೋಡಿ ಏರಿಳಿಯುವುದಿಲ್ಲ. ಬಡ್ಡಿ ದರ, ಬಂಡವಾಳದ ಓಡಾಟ, ಸಟ್ಟಾ ವ್ಯಾಪಾರ, ಎಲ್ಲವೂ ಅದನ್ನು ಎಳೆದಾಡುತ್ತವೆ. ಜಪಾನನ್ನೇ ನೋಡಿ. 2021ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 104 ಯೆನ್. 2024ರ ಜುಲೈ ಆರಂಭದಲ್ಲಿ ಸುಮಾರು 161. ಒಂದು ಮನೆಯವರು ಎರಡೂ ಸಲ ಒಂದು ಲಕ್ಷ ಯೆನ್ ಖರ್ಚು ಮಾಡಿದ್ದಾರೆ ಅಂತ ಇಟ್ಟುಕೊಳ್ಳಿ. ಡಾಲರ್ ಲೆಕ್ಕದಲ್ಲಿ ಅದು 960ರಿಂದ 620ಕ್ಕೆ ಇಳಿಯಿತು. ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಇಳಿಕೆ. ಅವರ ಬುಟ್ಟಿಯಿಂದ ಮೂರರಲ್ಲಿ ಒಂದು ಪಾಲು ಸಾಮಾನು ಮಾಯವಾಯಿತಾ? ಇಲ್ಲ.

ಕರೆನ್ಸಿ ಒಂದೇ ಇದ್ದರೂ ಗೋಳು ತಪ್ಪುವುದಿಲ್ಲ. ಫಿನ್ಲೆಂಡಿನಲ್ಲೂ ಯೂರೋ, ಕ್ರೊಯೇಷಿಯಾದಲ್ಲೂ 2023ರಿಂದ ಯೂರೋ. ಅದೇ ನೂರು ಯೂರೋಗೆ ಕ್ರೊಯೇಷಿಯಾದಲ್ಲಿ ಚೀಲ ದೊಡ್ಡದಾಗುತ್ತದೆ.

ಅದಕ್ಕೇ ಬಂದದ್ದು ಕೊಳ್ಳುವ ಶಕ್ತಿಯ ಲೆಕ್ಕ, ಎಲ್ಲರೂ ಪಿಪಿಪಿ ಅನ್ನುವುದು. ಎರಡೂ ಕಡೆ ಒಂದೇ ಥರದ ಬುಟ್ಟಿ ತುಂಬಿಸಲು ಎಷ್ಟೆಷ್ಟು ಬೇಕು ಅಂತ ನೋಡಿ ಅದರಿಂದ ಬದಲಾವಣೆಯ ದರ ಕಟ್ಟುತ್ತಾರೆ. ವಿಶ್ವಸಂಸ್ಥೆ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸೇರಿ 1968ರಲ್ಲಿ ಈ ಕೆಲಸ ಶುರು ಮಾಡಿದವು. 1970ರ ಸುತ್ತಿನಲ್ಲಿ ಬರೀ 10 ದೇಶಗಳಿದ್ದವು. ವಿಶ್ವಬ್ಯಾಂಕ್ ನಡೆಸಿದ 2021ರ ಸುತ್ತಿನಲ್ಲಿ 176 ಆರ್ಥಿಕತೆಗಳಿದ್ದವು. ಫಲಿತಾಂಶ 2024ರ ಮೇ ತಿಂಗಳಲ್ಲಿ ಬಂತು.

ಸರಿ, ಪಿಪಿಪಿ ಹಾಕಿಬಿಟ್ಟರೆ ಮುಗಿಯಿತಲ್ವಾ? ಓದಿಕೊಂಡವರೂ ಇಲ್ಲೇ ಜಾರುತ್ತಾರೆ. ಸಾಮಾನ್ಯವಾಗಿ ಕೈಗೆ ಸಿಗುವುದು ಇಡೀ ಜಿಡಿಪಿಯ ಪಿಪಿಪಿ. ಅದರಲ್ಲಿ ಕ್ಷೌರ, ಪಾಠ, ಬಾಡಿಗೆ ಎಲ್ಲ ಸೇರಿವೆ. ಕಡಿಮೆ ಆದಾಯದ ದೇಶದಲ್ಲಿ ಕೂಲಿ ಕಡಿಮೆ, ಹಾಗಾಗಿ ಸೇವೆಗಳು ಅಗ್ಗ. ಆದರೆ ಮೊಬೈಲು, ವಾಷಿಂಗ್ ಮೆಷಿನ್ನು ಹಡಗಿನಲ್ಲಿ ಬರುತ್ತವೆ. ಅವುಗಳ ಬೆಲೆ ಎಲ್ಲ ಕಡೆ ಹೆಚ್ಚು ಕಡಿಮೆ ಅಷ್ಟೇ. ಆಮದು ಸುಂಕ ಇದ್ದರೆ ಬಡ ದೇಶದಲ್ಲೇ ದುಬಾರಿ. ಸೇವೆಯ ಅಗ್ಗವನ್ನು ಸರಕಿಗೂ ಹಚ್ಚಿದರೆ ಲೆಕ್ಕ ಹಳಿ ತಪ್ಪುತ್ತದೆ.

ಒಂದು ಕಲ್ಪಿತ ಉದಾಹರಣೆ ಮಾಡೋಣ. ಅ ದೇಶದಲ್ಲಿ ಒಂದು ಮನೆ ವರ್ಷಕ್ಕೆ ಗೃಹೋಪಕರಣಗಳಿಗೆ 1,000 ಡಾಲರ್ ಖರ್ಚು ಮಾಡುತ್ತದೆ. ಬ ದೇಶದಲ್ಲಿ 12,000 ನಾಣ್ಯ. ವಿನಿಮಯ ದರ ಡಾಲರಿಗೆ 40 ನಾಣ್ಯ. ಹಾಗೆ ಬದಲಿಸಿದರೆ ಬ ದೇಶದ ಖರ್ಚು 300 ಡಾಲರ್. ಇಡೀ ಜಿಡಿಪಿಯ ಪಿಪಿಪಿ ಡಾಲರಿಗೆ 16 ನಾಣ್ಯ ಅಂತಿಟ್ಟುಕೊಳ್ಳಿ. ಹಾಗೆ ನೋಡಿದರೆ 750 ಡಾಲರ್. ಆಹಾ, ಅಷ್ಟೇನೂ ಹಿಂದಿಲ್ಲ ಅನ್ನಿಸುತ್ತದೆ.

ಈಗ ಅಂಗಡಿಗೆ ಹೋಗೋಣ. ಅದೇ ಮಾಡೆಲ್ಲಿನ ವಾಷಿಂಗ್ ಮೆಷಿನ್ ಅ ದೇಶದಲ್ಲಿ 500 ಡಾಲರ್, ಬ ದೇಶದಲ್ಲಿ 18,000 ನಾಣ್ಯ. ಅಂದರೆ ಈ ಸಾಮಾನಿಗೆ ನಿಜವಾದ ದರ ಡಾಲರಿಗೆ 36 ನಾಣ್ಯ. 12,000 ನಾಣ್ಯವನ್ನು 36ರಿಂದ ಭಾಗಿಸಿದರೆ ಸುಮಾರು 333 ಡಾಲರ್. ಮೆಷಿನ್ ಲೆಕ್ಕದಲ್ಲೇ ಹೇಳಬೇಕೆಂದರೆ, ಅ ದೇಶದ ಮನೆಯ ದುಡ್ಡಿಗೆ ಎರಡು ಮೆಷಿನ್ ಬರುತ್ತದೆ. ಬ ದೇಶದ ಮನೆಯ ದುಡ್ಡಿಗೆ ಮುಕ್ಕಾಲು ಮೆಷಿನ್ನೂ ಬರುವುದಿಲ್ಲ. ಜಿಡಿಪಿಯ ಪಿಪಿಪಿ ನಂಬಿದವರು ಒಂದೂವರೆ ಮೆಷಿನ್ ಬರುತ್ತದೆ ಅಂತ ಬರೆದಿರುತ್ತಾರೆ.

ನೋಡಿದಿರಾ? ಇಲ್ಲಿ ದಡ್ಡ ವಿನಿಮಯ ದರವೇ ಸತ್ಯಕ್ಕೆ ಹತ್ತಿರ ಇತ್ತು. ಹಾಗಂತ ಯಾವಾಗಲೂ ಹಾಗೇ ಆಗುತ್ತದೆ ಅಂತಲ್ಲ. ತರಕಾರಿ, ಬ್ರೆಡ್ಡಿನ ಲೆಕ್ಕ ಮಾಡಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದ್ದರಿಂದ ಸರಕು ಹೋಲಿಸುವಾಗ ನಾನು ಆರಿಸುವುದು ಆಯಾ ವರ್ಗದ ಪಿಪಿಪಿ. ಆಹಾರಕ್ಕೆ ಆಹಾರದ್ದು, ಬಟ್ಟೆಗೆ ಬಟ್ಟೆಯದ್ದು. ವಿಶ್ವಬ್ಯಾಂಕ್, ಯುರೋಸ್ಟಾಟ್ (ಯುರೋಪಿಯನ್ ಒಕ್ಕೂಟದ ಅಂಕಿಅಂಶ ಕಚೇರಿ), ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಸಂಘಟನೆ) ಇವುಗಳ ಕಡತಗಳಲ್ಲಿ ಇವು ಬಿಡಿಬಿಡಿಯಾಗಿ ಸಿಗುತ್ತವೆ. ಎರಡು ನಿಮಿಷ ಜಾಸ್ತಿ ಹುಡುಕಬೇಕು ಅಷ್ಟೇ. ಯುರೋಸ್ಟಾಟಿನ 2023ರ ಅಂಕಿ ಪ್ರಕಾರ ಒಕ್ಕೂಟದ ಸರಾಸರಿ ಬೆಲೆ 100 ಆದರೆ ಒಟ್ಟಾರೆ ಗ್ರಾಹಕ ಬೆಲೆ ಡೆನ್ಮಾರ್ಕಿನಲ್ಲಿ 143, ಬಲ್ಗೇರಿಯಾದಲ್ಲಿ 60. ಆದರೆ ಎಲೆಕ್ಟ್ರಾನಿಕ್ ಸಾಮಾನಿಗೆ ಬಂದರೆ ದೇಶಗಳ ನಡುವಿನ ವ್ಯತ್ಯಾಸ ತೀರಾ ಕಡಿಮೆ. ಮದ್ಯ ಮತ್ತು ತಂಬಾಕಿಗೆ ಬಂದರೆ ಸಿಕ್ಕಾಪಟ್ಟೆ, ಅಬಕಾರಿ ತೆರಿಗೆಯ ಮಹಿಮೆ.

ಹಣ ಬದಲಿಸುವ ಗೊಡವೆಯೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಒಟ್ಟು ಖರ್ಚಿನಲ್ಲಿ ಪಾಲು ಎಷ್ಟು ಅಂತ ನೋಡುವುದು. ಶೇಕಡಾವಾರಿಗೆ ಕರೆನ್ಸಿ ಬೇಕಿಲ್ಲ. ಜರ್ಮನಿಯ ಅಂಕಿಅಂಶ ತಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಇದನ್ನು ಮಾಡಿ ತೋರಿಸಿದ: ಆದಾಯ ಏರಿದ ಹಾಗೆ ಆಹಾರದ ಪಾಲು ಇಳಿಯುತ್ತದೆ. 2019ರಲ್ಲೂ ರೊಮೇನಿಯಾದಲ್ಲಿ ಮನೆ ಖರ್ಚಿನ ಸುಮಾರು ಕಾಲು ಭಾಗ ಆಹಾರಕ್ಕೆ, ಐರ್ಲೆಂಡಿನಲ್ಲಿ ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಜನರ ಆದ್ಯತೆ ತಿಳಿಯಲು ಇದು ಬಹಳ ಒಳ್ಳೆಯದು. ಆದರೆ ಪಾಲು ಹೆಚ್ಚಿದ್ದರೆ ತಿನ್ನುವುದು ಜಾಸ್ತಿ ಅಂತಲ್ಲ. ಬೇರೆ ಖರ್ಚಿಗೆ ದುಡ್ಡು ಉಳಿಯುತ್ತಿಲ್ಲ ಅಂತಲೂ ಆಗಬಹುದು.

ತಲೆಗಾ, ಮನೆಗಾ?

ಜರ್ಮನಿಯಲ್ಲಿ ಒಂದು ಮನೆಯಲ್ಲಿ ಸರಾಸರಿ ಇಬ್ಬರು. ಪಾಕಿಸ್ತಾನದ 2023ರ ಜನಗಣತಿಯ ಪ್ರಕಾರ ಅಲ್ಲಿ ಆರಕ್ಕಿಂತ ಜಾಸ್ತಿ. ಮನೆ ಲೆಕ್ಕದಲ್ಲಿ ಹೋಲಿಸಿದರೆ ಆರು ಜನರ ಊಟವನ್ನು ಇಬ್ಬರ ಊಟದ ಪಕ್ಕ ಇಟ್ಟ ಹಾಗೆ. ತಲೆ ಲೆಕ್ಕದಲ್ಲಿ ಹೋಲಿಸಿದರೆ ಫ್ರಿಜ್ಜಿನ ವಿಷಯದಲ್ಲಿ ತಪ್ಪಾಗುತ್ತದೆ, ಆರು ಜನರಿಗೂ ಒಂದೇ ಫ್ರಿಜ್ ಸಾಕಲ್ವಾ? ಒಇಸಿಡಿಯ ಹೆಸರಿನಲ್ಲಿರುವ ಒಂದು ಸೂತ್ರ ಮಧ್ಯದ ದಾರಿ ಹಿಡಿಯುತ್ತದೆ. ಮೊದಲ ವಯಸ್ಕರಿಗೆ 1, ಆಮೇಲಿನ ಪ್ರತಿ ವಯಸ್ಕರಿಗೆ 0.5, 14 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ 0.3. ಗಂಡ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು ಇದ್ದರೆ ಒಟ್ಟು 2.1. ನನ್ನ ರೂಢಿ ಏನೆಂದರೆ, ಬಟ್ಟೆ, ಆಹಾರ, ಸೋಪಿನಂಥದ್ದಕ್ಕೆ ತಲಾ ಲೆಕ್ಕ. ಫ್ರಿಜ್, ಟಿವಿ, ಮಂಚದಂಥದ್ದಕ್ಕೆ ಮನೆ ಲೆಕ್ಕ.

ಸರಾಸರಿ ಅನ್ನುವುದನ್ನೂ ಪೂರ್ತಿ ನಂಬಬೇಡಿ. ಹತ್ತು ಮನೆಗಳಲ್ಲಿ ಒಂದು ಮನೆಯವರು ಐಷಾರಾಮಿ ಕಾರು ಕೊಂಡರೆ ಹತ್ತೂ ಮನೆಯ ಸರಾಸರಿ ಏರುತ್ತದೆ. ಸಮೀಕ್ಷೆಯಲ್ಲಿ ನಟ್ಟನಡುವಿನ ಮನೆಯ ಅಂಕಿ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ.

ಸಣ್ಣ ಅಕ್ಷರದಲ್ಲಿ ಇರುವುದು

ವರ್ಗೀಕರಣದ ಆವೃತ್ತಿ ನೋಡಿ. ಖರ್ಚನ್ನು ವರ್ಗ ಮಾಡುವ ಅಂತರರಾಷ್ಟ್ರೀಯ ಪಟ್ಟಿಗೆ ಕೊಯಿಕಾಪ್ ಅಂತ ಹೆಸರು. 1999ರ ಪಟ್ಟಿಯಲ್ಲಿ ಟಿವಿ, ಕಂಪ್ಯೂಟರ್ ಇದ್ದದ್ದು ಮನರಂಜನೆಯ ಖಾನೆಯಲ್ಲಿ. 2018ರ ಪಟ್ಟಿಯಲ್ಲಿ ಅವು ಮಾಹಿತಿ ಮತ್ತು ಸಂವಹನಕ್ಕೆ ಹೋದವು. ಒಂದು ದೇಶ ಹಳೆಯದರಲ್ಲಿ, ಇನ್ನೊಂದು ಹೊಸದರಲ್ಲಿ ಇದ್ದರೆ ಎರಡನೆಯ ದೇಶದವರಿಗೆ ಮನರಂಜನೆಯೇ ಬೇಡವಾಗಿದೆ ಅಂತ ಕಾಣುತ್ತದೆ.

ವರ್ಷವೂ ಮುಖ್ಯ. 2020, 2021ನ್ನು ಆಧಾರವಾಗಿ ಹಿಡಿಯಬೇಡಿ. ಕೋವಿಡ್ ಕಾಲದಲ್ಲಿ ಹೋಟೆಲ್, ಪ್ರವಾಸ ಬಂದ್ ಆಗಿ ಜನ ಸಾಮಾನು ಕೊಂಡರು. ಅಮೆರಿಕದಲ್ಲಂತೂ ಸರ್ಕಾರ ಕೊಟ್ಟ ಚೆಕ್ಕೂ ಸೇರಿ ಸರಕಿನ ಖರ್ಚು ಒಮ್ಮೆಲೇ ಜಿಗಿಯಿತು. ವಿಪರ್ಯಾಸ ಅಂದರೆ ವಿಶ್ವಬ್ಯಾಂಕಿನ ಆ ಪಿಪಿಪಿ ಸುತ್ತು 2020ಕ್ಕೆ ನಿಗದಿಯಾಗಿ, ಕೋವಿಡ್‌ನಿಂದ ಮುಂದೂಡಿ, 2021ಕ್ಕೆ ಬಂದು ಕೂತಿದೆ. ಬೆಲೆಗಳ ಹೋಲಿಕೆಗೆ ಅದನ್ನು ಬಳಸಿ. ಖರ್ಚಿನ ಅಂಕಿಯನ್ನು ಮಾತ್ರ ಎರಡು ಮೂರು ವರ್ಷದ ಸರಾಸರಿಯಾಗಿ ತೆಗೆದುಕೊಳ್ಳಿ. ಕಾರು, ಫ್ರಿಜ್ಜಿನಂಥದ್ದಕ್ಕೆ ಒಂದೇ ವರ್ಷದ ಅಂಕಿ ಹೇಗೂ ಸಾಲದು.

ಕೊಂಡವರು ಯಾರು ಅಂತಲೂ ಕೇಳಿ. ಲಕ್ಸೆಂಬರ್ಗಿನಲ್ಲಿ ಕೆಲಸ ಮಾಡುವವರಲ್ಲಿ ಸುಮಾರು ಅರ್ಧ ಜನ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ದಿನಾ ಗಡಿ ದಾಟಿ ಬರುವವರು. ಅಲ್ಲಿ ತೆರಿಗೆ ಕಡಿಮೆ ಅಂತ ಪೆಟ್ರೋಲ್, ಸಿಗರೇಟು ಅಲ್ಲೇ ತುಂಬಿಸಿಕೊಂಡು ಹೋಗುತ್ತಾರೆ. ಅದನ್ನೆಲ್ಲ ಅಲ್ಲಿನ ನಿವಾಸಿಗಳ ತಲೆಗೆ ಹಂಚಿದರೆ ಹಸುಗೂಸುಗಳೂ ಸಿಗರೇಟು ಸೇದುತ್ತವೆ ಅನ್ನಬೇಕಾಗುತ್ತದೆ.

ಅಂದಹಾಗೆ, ಆ ಬ್ರಿಟನ್, ಅಮೆರಿಕದ ಟೇಬಲ್ ಮತ್ತೆ ಮಾಡಿದೆ. ಈ ಸಲ ಚಿಲ್ಲರೆ ಅಂಕಿ ಬಿಟ್ಟು ರಾಷ್ಟ್ರೀಯ ಲೆಕ್ಕ ಹಿಡಿದೆ. ತಲೆಬರಹ ಎರಡು ಸಾಲು ಆಯಿತು: ಮನೆಗಳ ಅಂತಿಮ ಖರ್ಚು, ಬಟ್ಟೆ ಮತ್ತು ಪಾದರಕ್ಷೆ, ತೆರಿಗೆ ಸೇರಿ, ತಲಾ, ಬಟ್ಟೆಯ ಪಿಪಿಪಿ ಪ್ರಕಾರ, 2017ರಿಂದ 2019ರ ಸರಾಸರಿ. ಗೆಳತಿಗೆ ತೋರಿಸಿದೆ. ತೆರಿಗೆ ನೋಡಿದಳು, ತಲೆಯಾಡಿಸಿದಳು. ಆಮೇಲೆ ಕೇಳಿದಳು, "ಲಂಡನ್ನಿಗೆ ಬಂದ ಪ್ರವಾಸಿಗರು ಕೊಂಡ ಬಟ್ಟೆ ಇದರಲ್ಲಿ ಇದೆಯಾ?"

ಇತ್ತು. ಪ್ರವಾಸಿಗರ ಖರ್ಚನ್ನು ಅಲ್ಲಿ ಕಡೆಯ ಮೊತ್ತದಲ್ಲಿ ಕಳೆಯುತ್ತಾರೆ, ಬಟ್ಟೆ, ಚಪ್ಪಲಿ ಅಂತ ಪ್ರತಿ ಸಾಲಿನಲ್ಲಿ ಕಳೆಯುವುದಿಲ್ಲ. ನ್ಯೂಯಾರ್ಕಿಗೆ ಬಂದವರದ್ದೂ ಅದೇ ಪಾಡು. ಟೇಬಲ್ ಅಳಿಸಲಿಲ್ಲ. ಕೆಳಗೆ ಒಂದು ಸಾಲು ಸೇರಿಸಿ ಕಳಿಸಿಬಿಟ್ಟೆ.